ಹಿಂಬರಹ ಶಾಸ್ತ್ರ: ಹೊಸ ಮಾಹಿತಿ ಅಧಿಕಾರಿಗಳಿಗೊಂದು ಕೈಪಿಡಿ

ಅಧ್ಯಾಯ 1: ಪೀಠಿಕೆ

ಮಾಹಿತಿ ಕೊಡುವುದು ಯಾರಿಗಾದರೂ ಬರುತ್ತದೆ. ಕಡತ ತೆಗೆಯುವುದು, ಜೆರಾಕ್ಸ್ ಮಾಡಿಸುವುದು, ಮೊಹರು ಒತ್ತಿ ಕೈಗಿಡುವುದು. ಇದಕ್ಕೆ ಇಲಾಖಾ ಪರೀಕ್ಷೆ ಪಾಸಾಗಬೇಕಿಲ್ಲ, ಜ್ಯೇಷ್ಠತಾ ಪಟ್ಟಿಯಲ್ಲಿ ಮೇಲಿರಬೇಕಿಲ್ಲ. ಆದರೆ ಮಾಹಿತಿಯನ್ನೂ ಕೊಡದೆ, ಕೊಡುವುದಿಲ್ಲವೆಂದೂ ಹೇಳದೆ, ಕೇಳಿದವರನ್ನು ಇಪ್ಪತ್ತೊಂಬತ್ತು ದಿನ ಭರವಸೆಯಲ್ಲಿಟ್ಟು, ಮೂವತ್ತನೆಯ ದಿನ ಸಂಜೆ ಕಚೇರಿ ಮುಚ್ಚುವ ಹೊತ್ತಿಗೆ ಒಂದು ಹಿಂಬರಹ ರವಾನಿಸುವುದಿದೆಯಲ್ಲ, ಅದು ತಪಸ್ಸಿನಿಂದ ಒಲಿಯುವ ವಿದ್ಯೆ.

ಈಗ ಸ್ಪರ್ಧಾತ್ಮಕ ಪರೀಕ್ಷೆ ಬರೆದು ಬರುವ ಹುಡುಗರು ಮಾಹಿತಿ ಹಕ್ಕು ಕಾಯ್ದೆಯನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಅದೇ ಅವರ ತೊಂದರೆ. ಕಾಯ್ದೆಯಲ್ಲಿ ಏನಿದೆಯೋ ಅದನ್ನೇ ಮಾಡಿಬಿಡುತ್ತಾರೆ. ಅಂಥವರ ಸುಧಾರಣೆಗಾಗಿ, ಕಡತಗಳ ನಡುವೆಯೇ ತಲೆ ನರೆಸಿಕೊಂಡ ನಾನು ಈ ಕೈಪಿಡಿ ರಚಿಸಿದ್ದೇನೆ. ಒಬ್ಬಂಟಿ ಅರ್ಜಿದಾರನನ್ನು ಸಂಭಾಳಿಸುವುದು ಇದರ ಅರ್ಧ ವಿಷಯ. ಉಳಿದರ್ಧ ಪತ್ರಕರ್ತನೂ ಸಾಮಾಜಿಕ ಕಾರ್ಯಕರ್ತನೂ ಕೈಜೋಡಿಸಿ ಬಂದಾಗ ಆಡಳಿತಕ್ಕೆ ಒದಗುವ ಗಂಡಾಂತರವನ್ನು ಕುರಿತದ್ದು. ನಮ್ಮ ವಲಯದಲ್ಲಿ ಇದಕ್ಕೆ ‘ಜೋಡೆತ್ತು ಅರ್ಜಿ’ ಎಂದು ಹೆಸರು.

ಅಧ್ಯಾಯ 2: ಸಲಕರಣೆಗಳು

ಮಾಹಿತಿ ಹಕ್ಕು ಕಾಯ್ದೆ 2005ರ ಅಕ್ಟೋಬರ್ 12ರಂದು ಪೂರ್ಣವಾಗಿ ಜಾರಿಗೆ ಬಂತು. ಕರ್ನಾಟಕ ಅದಕ್ಕೂ ಮೊದಲೇ, 2000ದಲ್ಲಿ, ತನ್ನದೇ ಒಂದು ಕಾಯ್ದೆ ಮಾಡಿಕೊಂಡಿತ್ತು. ದೆಹಲಿ ಇನ್ನೂ ಸುಮ್ಮನಿದ್ದಾಗ ನಮಗೇಕೆ ಆ ಅವಸರ ಎಂಬುದು ಇಂದಿಗೂ ಬಿಡಿಸಲಾಗದ ಒಗಟು. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇನ್ನೂ ರದ್ದಾಗಿಲ್ಲ ಎಂಬುದನ್ನು ಬೆಳಿಗ್ಗೆ ಕುರ್ಚಿಯಲ್ಲಿ ಕೂತ ಕೂಡಲೇ ಒಮ್ಮೆ ಸ್ಮರಿಸಿದರೆ ಮನಸ್ಸಿಗೆ ಬಲ ಬರುತ್ತದೆ. ಮಾಹಿತಿ ಹಕ್ಕಿನ 22ನೇ ಕಲಂ ಅದನ್ನು ಮೀರಿ ನಿಲ್ಲುತ್ತದೆ ಎಂಬುದನ್ನು ಸ್ಮರಿಸಬೇಕಾಗಿಲ್ಲ.

ಹೊಸ ಕಾಯ್ದೆ ದೂರದಿಂದ ನೋಡಲು ಭಯಂಕರ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿದ ಯಾವನೇ ಆಗಲಿ ಸರ್ಕಾರವನ್ನು ಪ್ರಶ್ನಿಸಬಹುದು. ಕಲಂ 6(2)ರ ಪ್ರಕಾರ, ಏಕೆ ಬೇಕು ಎಂದು ನಾವು ಕೇಳುವ ಹಾಗೂ ಇಲ್ಲ. ಹತ್ತಿರದಿಂದ ನೋಡಿದರೆ ಮಾತ್ರ ಅದರೊಳಗೆ ನಮ್ಮ ಮಿತ್ರರು ಕಾಣಿಸುತ್ತಾರೆ.

ಮೊದಲ ಮಿತ್ರ, ಪದಮಿತಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಕೇಂದ್ರ ಸರ್ಕಾರ 500 ಪದದವರೆಗೆ ಬಿಟ್ಟಿದೆ, ನಾವು ಮಿತಭಾಷಿಗಳು. ಆದ್ದರಿಂದ ಅರ್ಜಿ ಬಂದ ಕೂಡಲೇ ಓದಬೇಡಿ, ಎಣಿಸಿ. ಕನ್ನಡದಲ್ಲಿ ಬರೆಯುವವರ ಬಗ್ಗೆ ಇಲ್ಲಿ ವಿಶೇಷ ಎಚ್ಚರ ಬೇಕು. ‘ಚರಂಡಿಕಾಮಗಾರಿಯಳತೆಪುಸ್ತಕದೃಢೀಕೃತಪ್ರತಿಯನ್ನೊದಗಿಸತಕ್ಕದ್ದು’ ಎಂದು ಗೀಚಿ, ಇದು ಒಂದೇ ಪದ ಎಂದು ವಾದಿಸುವ ನಿವೃತ್ತ ಕನ್ನಡ ಪಂಡಿತರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಅರಿಸಮಾಸದ ಕಾರಣಕ್ಕೆ ಅರ್ಜಿ ತಿರಸ್ಕರಿಸಲು ಕಾಯ್ದೆಯಲ್ಲಿ ಅವಕಾಶವಿಲ್ಲ. ಮುಂದಿನ ತಿದ್ದುಪಡಿಯಲ್ಲಿ ಇದನ್ನು ಸೇರಿಸಬೇಕೆಂದು ನನ್ನ ವಿನಮ್ರ ಸಲಹೆ.

ಎರಡನೆಯ ಮಿತ್ರ, ಕಲಂ 6(3). ಕೇಳಿದ ಮಾಹಿತಿ ಬೇರೆ ಕಚೇರಿಯಲ್ಲಿದ್ದರೆ ಅರ್ಜಿಯನ್ನು ಐದು ದಿನದೊಳಗೆ ಅಲ್ಲಿಗೆ ವರ್ಗಾಯಿಸಬೇಕು. ಲೋಕೋಪಯೋಗಿಯಿಂದ ಪಂಚಾಯತ್ ರಾಜ್ ಎಂಜಿನಿಯರಿಂಗಿಗೆ, ಅಲ್ಲಿಂದ ಪಟ್ಟಣ ಪಂಚಾಯಿತಿಗೆ, ಅಲ್ಲಿಂದ ‘ತಮ್ಮ ಕಚೇರಿಗೇ ಸಂಬಂಧಿಸಿರುವುದರಿಂದ’ ಎಂದು ಮರಳಿ ಲೋಕೋಪಯೋಗಿಗೆ. ಮೂರೂ ಕಚೇರಿಗಳೂ ಒಂದೇ ಕಾಂಪೌಂಡಿನೊಳಗೆ ಇರುವುದರಿಂದ ಟಪಾಲು ಸಿಬ್ಬಂದಿಗೂ ಹೆಚ್ಚು ಶ್ರಮವಾಗುವುದಿಲ್ಲ.

ಮೂರನೆಯ ಮಿತ್ರ, ಕಲಂ 7(9). ಕಚೇರಿಯ ಸಂಪನ್ಮೂಲ ವಿಪರೀತ ವ್ಯಯವಾಗುವಂತಿದ್ದರೆ, ಕೇಳಿದ ರೂಪದಲ್ಲೇ ಮಾಹಿತಿ ಕೊಡಬೇಕಿಲ್ಲ ಎಂದಷ್ಟೇ ಇದು ಹೇಳುತ್ತದೆ. ಬೇರೆ ರೂಪದಲ್ಲಾದರೂ ಕೊಡಬೇಕು ಎಂಬ ಅರ್ಥ ಅದರಲ್ಲಡಗಿದೆ. ಅಡಗಿದ್ದನ್ನು ಹೊರಗೆಳೆಯುವುದು ನಮ್ಮ ಕೆಲಸವಲ್ಲ.

ಇನ್ನು ದಂಡದ ವಿಚಾರ. ಹೊಸಬರು ಇದಕ್ಕೆ ಹೆದರುತ್ತಾರೆ. ಸಕಾರಣವಿಲ್ಲದೆ ತಡ ಮಾಡಿದರೆ ದಿನಕ್ಕೆ 250 ರೂಪಾಯಿ, ಒಟ್ಟು 25,000 ಮೀರದಂತೆ. ಭಾಗಿಸಿ ನೋಡಿ: ನೂರು ದಿನ. ನೂರೊಂದನೆಯ ದಿನದಿಂದ ತಡ ಉಚಿತ. ಅಲ್ಲಿಯವರೆಗೆ ತಲುಪುವುದೇ ಕಷ್ಟ, ತಲುಪಿದ ಮೇಲೆ ನಿರಾತಂಕ.

ಕಲಂ 4(1)(ಬಿ)ಯನ್ನು ಮಾತ್ರ ಯಾರಿಗೂ ಓದಿಸಬೇಡಿ. ಯಾರೂ ಕೇಳುವ ಮೊದಲೇ ಹದಿನೇಳು ಬಗೆಯ ಮಾಹಿತಿಯನ್ನು ಕಚೇರಿ ತಾನಾಗಿ ಪ್ರಕಟಿಸಬೇಕೆಂದು ಅದು ಹೇಳುತ್ತದೆ. ಅದನ್ನು ನೆಟ್ಟಗೆ ಪಾಲಿಸಿದರೆ ಅರ್ಜಿಗಳೇ ಬರುವುದಿಲ್ಲ. ಅರ್ಜಿ ಇಲ್ಲದಿದ್ದರೆ ಹಿಂಬರಹವಿಲ್ಲ, ಹಿಂಬರಹವಿಲ್ಲದಿದ್ದರೆ ನಾವಿಲ್ಲ.

ಅಧ್ಯಾಯ 3: ಅರ್ಜಿದಾರರ ವರ್ಗೀಕರಣ

ಪತ್ರಕರ್ತ. ಇವನ ದೌರ್ಬಲ್ಯ ಗಡಿಯಾರ. ಸಂಜೆ ಏಳಕ್ಕೆ ಸುದ್ದಿ ಕಳಿಸಬೇಕಾದವನಿಗೆ ಮೂವತ್ತು ದಿನವೆಂದರೆ ಒಂದು ಯುಗ. ಅಷ್ಟರೊಳಗೆ ಅವನ ಸಂಪಾದಕರಿಗೆ ಬೇರೆ ಆಸಕ್ತಿ ಹುಟ್ಟಿರುತ್ತದೆ, ಅವನನ್ನೇ ಕ್ರೀಡಾ ಪುಟಕ್ಕೆ ಹಾಕಿರುತ್ತಾರೆ. ಅವನ ಪತ್ರಿಕೆಯ ಸರ್ಕಾರಿ ಜಾಹೀರಾತಿನ ಬಿಲ್ಲು ಎಲ್ಲೋ ಒಂದು ಮೇಜಿನ ಮೇಲೆ ಕೂತಿರುತ್ತದೆ ಎಂಬುದನ್ನೂ ಮರೆಯಬಾರದು. ಇವನು ಅರ್ಜಿ ಹಿಡಿದು ಬಂದರೆ ಎದ್ದು ನಿಂತು ಕಾಫಿ ತರಿಸಿ. “ಅಯ್ಯೋ ಸಾರ್, ನಿಮಗೆ ಅರ್ಜಿ ಯಾಕೆ? ಕೂತ್ಕೊಳ್ಳಿ, ನಾನೇ ಹೇಳ್ತೀನಲ್ಲ” ಎನ್ನಿ. ಹಾಗೆ ಹೇಳಿದ್ದಕ್ಕೆ ಸಹಿ ಇರುವುದಿಲ್ಲ, ಮೊಹರು ಇರುವುದಿಲ್ಲ. ಮರುದಿನ ಅದು ‘ಮೂಲಗಳು ತಿಳಿಸಿವೆ’ ಎಂದು ಅಚ್ಚಾಗುತ್ತದೆ. ಅದರ ಮರುದಿನ ನಾವು ಸ್ಪಷ್ಟೀಕರಣ ಕೊಡುತ್ತೇವೆ.

ಕಾರ್ಯಕರ್ತ. ಹೆಗಲಿಗೆ ಬಟ್ಟೆ ಚೀಲ, ಚೀಲದಲ್ಲಿ ಪ್ಲಾಸ್ಟಿಕ್ ಫೈಲು, ಫೈಲಿನಲ್ಲಿ ಪ್ರತಿ ಅರ್ಜಿಯ ಸ್ವೀಕೃತಿ. ಇವನಿಗೆ ಗಡಿಯಾರವೇ ಇಲ್ಲ. ಪ್ರಥಮ ಮೇಲ್ಮನವಿಯ ಗಡುವು ಮೂವತ್ತು ದಿನ, ದ್ವಿತೀಯದ್ದು ತೊಂಬತ್ತು ಎಂಬುದು ಇವನಿಗೆ ಮಗ್ಗಿಯಷ್ಟೇ ಕಂಠಸ್ಥ. ಕಾಫಿ ಕೊಟ್ಟರೆ ಕುಡಿಯುತ್ತಾನೆ, ಆಮೇಲೆ ಆ ಕಾಫಿ ಯಾವ ಲೆಕ್ಕಶೀರ್ಷಿಕೆಯಲ್ಲಿ ಬರುತ್ತದೆಂದು ಕೇಳುತ್ತಾನೆ. ಇವನಿಗೆ ಮಾಹಿತಿ ನಿರಾಕರಿಸುವುದು ತಪ್ಪು ತಂತ್ರ. ಬೇಕಾದದ್ದಕ್ಕಿಂತ ಹೆಚ್ಚು ಕೊಡಿ. ಒಂದು ವೋಚರು ಕೇಳಿದರೆ 1,200 ಪುಟ ಸಿದ್ಧವಿದೆ, ಪುಟಕ್ಕೆ ಎರಡು ರೂಪಾಯಿಯಂತೆ 2,400 ರೂಪಾಯಿ ಕಟ್ಟಿ ಒಯ್ಯತಕ್ಕದ್ದು ಎಂದು ಬರೆಯಿರಿ. ಅವನು ಸಾಲ ಮಾಡಿ ಕಟ್ಟುತ್ತಾನೆ. ಆ ಕಾಗದಗಳೆಲ್ಲ ಅವನ ಮನೆಯ ಅಟ್ಟ ಸೇರುತ್ತವೆ. ಸತ್ಯ ಅಟ್ಟದ ಮೇಲಿದ್ದರೆ ಸರ್ಕಾರಕ್ಕೇನೂ ಅಭ್ಯಂತರವಿಲ್ಲ.

ಮೂರನೆಯವರು, ಆರ್‌ಟಿಐ ಹಾಕಿ ರೇಟು ಮಾತಾಡುವವರು. ಇವರನ್ನು ನಿಂದಿಸುವವರೇ ಹೆಚ್ಚು, ಇವರ ಸೇವೆಯನ್ನು ಗುರುತಿಸುವವರು ಕಡಿಮೆ. ವ್ಯವಹಾರ ಕುದುರಿದ ಮೇಲೆ ‘ಸದರಿ ಮಾಹಿತಿ ನನಗೆ ಅಗತ್ಯವಿರುವುದಿಲ್ಲ’ ಎಂದು ಮರ್ಯಾದೆಯಾಗಿ ಬರೆದುಕೊಟ್ಟು ಹೋಗುತ್ತಾರೆ. ಅದಕ್ಕಿಂತ ದೊಡ್ಡ ಉಪಕಾರವೆಂದರೆ, ಇವರು ಇರುವುದರಿಂದಲೇ ಉಳಿದ ಯಾರೇ ಅರ್ಜಿ ಹಾಕಿದರೂ “ಎಲ್ಲಾ ಬ್ಲ್ಯಾಕ್‌ಮೇಲ್ ಸಾರ್” ಎಂದು ಮೇಲಧಿಕಾರಿಗಳಿಗೆ ವರದಿ ಮಾಡಲು ಸಾಧ್ಯವಾಗಿದೆ.

ಇಷ್ಟನ್ನು ಗ್ರಹಿಸಿದವರಿಗೆ ನಮ್ಮ ಶಾಸ್ತ್ರದ ಮೂಲಸೂತ್ರ ತಾನಾಗಿ ಹೊಳೆಯುತ್ತದೆ. ಪತ್ರಕರ್ತನ ಬಳಿ ಅಚ್ಚಿನ ಯಂತ್ರವಿದೆ, ದಾಖಲೆಯಿಲ್ಲ. ಕಾರ್ಯಕರ್ತನ ಬಳಿ ದಾಖಲೆಯಿದೆ, ಅಚ್ಚಿನ ಯಂತ್ರವಿಲ್ಲ. ಒಬ್ಬನಿಗೆ ತಾಳ್ಮೆಯಿಲ್ಲ, ಇನ್ನೊಬ್ಬನಿಗೆ ಓದುಗರಿಲ್ಲ. ಇವರಿಬ್ಬರ ನಡುವಿನ ಜಾಗದಲ್ಲೇ ಆಡಳಿತ ನೆಮ್ಮದಿಯಾಗಿ ವಾಸಿಸುತ್ತದೆ. ಆ ಜಾಗ ಕಿರಿದಾಗದಂತೆ ನೋಡಿಕೊಳ್ಳುವುದೇ ಮಾಹಿತಿ ಅಧಿಕಾರಿಯ ಪರಮ ಕರ್ತವ್ಯ. ಇದಕ್ಕಾಗಿ ಒಬ್ಬನ ಎದುರು ಇನ್ನೊಬ್ಬನ ಬಗ್ಗೆ ಆಗಾಗ ಹಗುರವಾಗಿ ಮಾತಾಡುತ್ತಿರಿ. ಪತ್ರಕರ್ತನಿಗೆ “ಅವರೆಲ್ಲಾ ಅಜೆಂಡಾ ಇಟ್ಕೊಂಡೋರು” ಎನ್ನಿ. ಕಾರ್ಯಕರ್ತನಿಗೆ “ಪೇಪರ್‌ನೋರ ವಿಷಯ ನಿಮಗೆ ಗೊತ್ತಲ್ಲ” ಎಂದು ಅರ್ಧಕ್ಕೆ ನಿಲ್ಲಿಸಿ.

ಅಧ್ಯಾಯ 4: ಪಿಡುಗಿನ ಇತಿಹಾಸ

ಜೋಡೆತ್ತು ಅರ್ಜಿಯ ಉಗಮ ರಾಜಸ್ಥಾನದಲ್ಲಿ. ರಾಜ್‌ಸಮಂದ್ ಜಿಲ್ಲೆಯ ಭೀಮ್ ಎಂಬಲ್ಲಿ 1990ರಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಹುಟ್ಟಿತು. ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮೊದಲಾದವರು ಹಳ್ಳಿಯ ಕೂಲಿಕಾರರ ಜೊತೆ ಕಟ್ಟಿದ ಸಂಘಟನೆ. ಅರುಣಾ ರಾಯ್ ಐಎಎಸ್ ಬಿಟ್ಟು ಬಂದವರು ಎಂಬುದನ್ನು ಗಮನಿಸಬೇಕು. ನಮ್ಮವರೇ ಆ ಕಡೆ ಸೇರಿದರೆ ಎಷ್ಟು ಅನಾಹುತ ಎಂಬುದಕ್ಕೆ ಇದು ನಿದರ್ಶನ.

ಬರಪರಿಹಾರ ಕಾಮಗಾರಿಯಲ್ಲಿ ದುಡಿದವರು ಪೂರ್ತಿ ಕೂಲಿ ಕೇಳಿದರು. ಮಸ್ಟರ್ ರೋಲಿನ ಪ್ರಕಾರ ನೀವು ಅಷ್ಟು ಕೆಲಸವನ್ನೇ ಮಾಡಿಲ್ಲ ಎಂಬ ಉತ್ತರ ಬಂತು. ಹಾಗಿದ್ದರೆ ಮಸ್ಟರ್ ರೋಲ್ ತೋರಿಸಿ ಎಂದರು. ಅದು ಸರ್ಕಾರಿ ರಹಸ್ಯ ಎಂಬ ಉತ್ತರ ಬಂತು. ಇಲ್ಲಿಯವರೆಗೆ ಎಲ್ಲವೂ ಶಾಸ್ತ್ರೋಕ್ತವಾಗಿತ್ತು. ಆದರೆ 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಎಂಬ ಊರಿನಲ್ಲಿ ಹೇಗೋ ಕೈಗೆ ಸಿಕ್ಕ ದಾಖಲೆಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದಲಾಯಿತು. ಜನಸುನ್ವಾಯಿ ಎಂದು ಅದರ ಹೆಸರು. ಕೆಲಸಕ್ಕೆ ಕಾಲಿಡದವರ ಹೆಸರಿಗೆ ಕೂಲಿ, ಆಗದ ಕೆಲಸಕ್ಕೆ ಬಿಲ್ಲು. ಓದು ಬಾರದವರಿಗೂ ತಮ್ಮ ಹೆಸರು ಕೇಳಿಸಿಕೊಳ್ಳಲು ಬರುತ್ತದೆ ಎಂಬುದನ್ನು ಆಡಳಿತ ಅಂದಾಜಿಸಿರಲಿಲ್ಲ.

1995ರ ಏಪ್ರಿಲ್ 5ರಂದು ಮುಖ್ಯಮಂತ್ರಿ ಭೈರೋನ್ ಸಿಂಗ್ ಶೇಖಾವತ್, ಪಂಚಾಯಿತಿ ದಾಖಲೆಗಳ ಪ್ರತಿ ಜನರಿಗೆ ಸಿಗುತ್ತದೆ ಎಂದು ವಿಧಾನಸಭೆಯಲ್ಲಿ ಘೋಷಿಸಿದರು. ಘೋಷಣೆ ಮರುದಿನ ಪತ್ರಿಕೆಯಲ್ಲಿ ಅಚ್ಚಾಯಿತು. ಆದೇಶ ಹೊರಡಲಿಲ್ಲ. ಇದು ಉತ್ತಮ ಆಡಳಿತದ ಲಕ್ಷಣ: ಭರವಸೆ ಪತ್ರಿಕೆಯಲ್ಲಿರಬೇಕು, ಆದೇಶ ಕಡತದಲ್ಲಿರಬೇಕು, ಕಡತ ಬೀರುವಿನಲ್ಲಿರಬೇಕು. ಆದರೆ ಆ ಹಳ್ಳಿಗರು ಪತ್ರಿಕೆಯನ್ನು ನಂಬುವ ಜನ. ಘೋಷಣೆ ಅಚ್ಚಾಗಿ ಸರಿಯಾಗಿ ಒಂದು ವರ್ಷ ತುಂಬಿದ ದಿನ, 1996ರ ಏಪ್ರಿಲ್ 6ರಂದು, ಬ್ಯಾವರ್ ಪಟ್ಟಣದ ಚಾಂಗ್ ಗೇಟ್ ಬಳಿ ಧರಣಿ ಕೂತರು. ‘ನಮ್ಮ ದುಡ್ಡು, ನಮ್ಮ ಲೆಕ್ಕ’ ಎಂಬುದು ಅವರ ಘೋಷಣೆ. ನಲವತ್ತು ದಿನ ಏಳಲಿಲ್ಲ.

ಅಷ್ಟಾದರೂ ಅದು ಒಂದು ಪಟ್ಟಣದ ಧರಣಿಯಾಗಿಯೇ ಉಳಿಯಬಹುದಿತ್ತು. ಅಷ್ಟರಲ್ಲಿ ‘ಜನಸತ್ತಾ’ ಪತ್ರಿಕೆಯ ಪ್ರಭಾಷ್ ಜೋಶಿ ಅದರ ಪರವಾಗಿ ಬರೆದರು. ಅದೇ ವರ್ಷ ದೆಹಲಿಯಲ್ಲಿ ಜನರ ಮಾಹಿತಿ ಹಕ್ಕಿನ ರಾಷ್ಟ್ರೀಯ ಅಭಿಯಾನ ರೂಪುಗೊಂಡಾಗ ಅದರಲ್ಲಿ ಕಾರ್ಯಕರ್ತರು, ವಕೀಲರ ಜೊತೆಗೆ ಅಜಿತ್ ಭಟ್ಟಾಚಾರ್ಜಿಯವರಂಥ ಹಿರಿಯ ಸಂಪಾದಕರೂ ಇದ್ದರು. ನ್ಯಾಯಮೂರ್ತಿ ಪಿ.ಬಿ. ಸಾವಂತ್ ಅಧ್ಯಕ್ಷರಾಗಿದ್ದ ಪ್ರೆಸ್ ಕೌನ್ಸಿಲ್ ಆಫ್ ಇಂಡಿಯಾವೇ ಮಸೂದೆಯ ಕರಡು ತಿದ್ದಿಕೊಟ್ಟಿತು. ಒಂಬತ್ತು ವರ್ಷದಲ್ಲಿ ಅದು ದೇಶದ ಕಾಯ್ದೆಯಾಗಿ ನಮ್ಮ ಮೇಜಿಗೆ ಬಂತು.

ಕಲಿಯಬೇಕಾದ ಪಾಠ: ಅಂದು ಆ ಕೂಲಿಕಾರರಿಗೆ ಮಸ್ಟರ್ ರೋಲಿನ ನಾಲ್ಕು ಹಾಳೆ ಜೆರಾಕ್ಸ್ ಕೊಟ್ಟು ಕಳಿಸಿದ್ದರೆ ಈ ಕೈಪಿಡಿಯ ಅಗತ್ಯವೇ ಬರುತ್ತಿರಲಿಲ್ಲ.

ಅಧ್ಯಾಯ 5: ಪ್ರಾಯೋಗಿಕ ಪಾಠ – ಚರಂಡಿ

ತರಬೇತಿಗೆ ಅನುಕೂಲವಾಗಲೆಂದು ಒಂದು ಕಲ್ಪಿತ ಪ್ರಕರಣ ಕೊಟ್ಟಿದ್ದೇನೆ. ಯಾವುದಾದರೂ ಊರಿಗೆ ಹೋಲಿಕೆ ಕಂಡುಬಂದರೆ ಎಲ್ಲ ಊರಿಗೂ ಕಂಡುಬರುತ್ತದೆ, ಚಿಂತೆಯಿಲ್ಲ.

ಒಂದು ಪಟ್ಟಣದ ಮೂರನೇ ಅಡ್ಡರಸ್ತೆಯಲ್ಲಿ 240 ಮೀಟರ್ ಚರಂಡಿ ಆಗಿದೆ. ಬಿಲ್ಲು ಪಾಸಾಗಿದೆ. ರಸ್ತೆಯಲ್ಲಿ ಇರುವುದು ಅದರ ಪೂರ್ವಾರ್ಧ ಮಾತ್ರ. ನಿವೃತ್ತ ಪ್ರಾಥಮಿಕ ಶಾಲಾ ಮೇಷ್ಟ್ರೊಬ್ಬರು ನಮೂನೆ ‘ಎ’ಯಲ್ಲಿ ಅರ್ಜಿ ಹಾಕಿ ಅಳತೆ ಪುಸ್ತಕದ ಪ್ರತಿ ಕೇಳುತ್ತಾರೆ. ಮಾಹಿತಿ ಅಧಿಕಾರಿ ಪದ್ಧತಿಯಂತೆ ಹಿಂಬರಹ ಕೊಡುತ್ತಾನೆ: ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಕಡತವು ಅಭಿಲೇಖಾಲಯಕ್ಕೆ ಮಳೆನೀರು ನುಗ್ಗಿದ್ದರಿಂದ ನೆನೆದು ಹಾಳಾಗಿರುವುದರಿಂದ, ಮಾಹಿತಿ ಒದಗಿಸಲು ಅವಕಾಶವಿರುವುದಿಲ್ಲವೆಂದು ತಮಗೆ ತಿಳಿಯಪಡಿಸಿದೆ.’ ಹಿಂಬರಹ ನಿರ್ದೋಷ. ಕರ್ತೃವಿಲ್ಲ, ದಿನಾಂಕವಿಲ್ಲ, ಮಳೆ ಯಾವ ವರ್ಷದ್ದೆಂದಿಲ್ಲ.

ಮೇಷ್ಟ್ರು ಮೇಲ್ಮನವಿ ಹಾಕಿ ಸುಮ್ಮನಿದ್ದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವರು ಆ ಹಿಂಬರಹವನ್ನು ಬಸ್ ನಿಲ್ದಾಣದ ಹೋಟೆಲಿನಲ್ಲಿ ಜಿಲ್ಲಾ ದಿನಪತ್ರಿಕೆಯೊಂದರ ತಾಲ್ಲೂಕು ವರದಿಗಾರನಿಗೆ ತೋರಿಸಿದರು. ಮೂರನೆಯ ದಿನ ಒಳಪುಟದಲ್ಲಿ ಎರಡು ಕಾಲಂ ಸುದ್ದಿ: ‘ಚರಂಡಿ ಇಲ್ಲದೆ ಚರಂಡಿಯ ಕಡತಕ್ಕೇ ನೀರು!’

ಮಧ್ಯಾಹ್ನದ ಹೊತ್ತಿಗೆ ಕಡತ ಒಣಗಿತು. ಎಂಜಿನಿಯರಿಂಗ್ ವಿಭಾಗದ ಕಿರಿಯ ಮಿತ್ರ ಮೇಷ್ಟ್ರಿಗೆ ಕುರ್ಚಿ ಎಳೆದು ಕೊಟ್ಟು ಕೊನೆಯ ಅಸ್ತ್ರ ಬಳಸಿದ.

“ಮೇಷ್ಟ್ರೇ, ನಿಮ್ಮ ಕೈಯಲ್ಲಿ ಓದಿದೋನು ನಾನು. ಈ ವಯಸ್ಸಲ್ಲಿ ನಿಮಗೆ ಇದೆಲ್ಲಾ ಯಾಕೆ ಬೇಕು ಹೇಳಿ.”

“ಅದಕ್ಕೇ ಬಂದೆ ಕಣಪ್ಪ. ಉದ್ದಳತೆ ಲೆಕ್ಕ ನಿನಗೆ ಕಲಿಸಿದ್ದು ನಾನೇ. ಎಲ್ಲಿ ತಪ್ಪಿತು ಅಂತ ನೋಡಬೇಕಲ್ಲ, ಪುಸ್ತಕ ತೆಗಿ.”

ಪುಸ್ತಕ ತೆಗೆಯಲಾಯಿತು. ಸಂಜೆ ಮೇಷ್ಟ್ರೂ ವರದಿಗಾರನೂ ಟೇಪು ಹಿಡಿದು ಅಡ್ಡರಸ್ತೆಗೆ ಹೋದರು. ಮೇಷ್ಟ್ರು ಒಂದು ತುದಿ ಹಿಡಿದು ಮೂಲೆ ಅಂಗಡಿಯ ಮುಂದೆ ನಿಂತರು. ವರದಿಗಾರ ಇನ್ನೊಂದು ತುದಿ ಎಳೆದುಕೊಂಡು ನಡೆದ, ಮೇಷ್ಟ್ರು ಗುರುತು ಹಾಕಿ ಮುಂದೆ ಬಂದರು, ಅವನು ಮತ್ತೆ ನಡೆದ. ಹಿಂದೆ ಮಕ್ಕಳು, ಮಕ್ಕಳ ಹಿಂದೆ ಹೆಂಗಸರು. ನೂರಾ ಹತ್ತು ಮೀಟರಿಗೆ ಒಂದು ತೆಂಗಿನ ಮರ ಬಂತು. ಟೇಪಿನಲ್ಲಿ ಇನ್ನೂ ಅಳತೆ ಉಳಿದಿತ್ತು, ಚರಂಡಿ ಉಳಿದಿರಲಿಲ್ಲ. ತೆಂಗಿನ ಮರಕ್ಕೆ ಒರಗಿಸಿ ಅಳತೆ ಪುಸ್ತಕದ ಜೆರಾಕ್ಸ್ ಹಿಡಿದ ಮೇಷ್ಟ್ರ ಫೋಟೋ ಮರುದಿನ ಮುಖಪುಟದಲ್ಲಿ ಬಂತು.

ಉಳಿದ 130 ಮೀಟರ್ ಚರಂಡಿಯನ್ನು ಆ ವಾರವೇ ತೋಡಲಾಯಿತು. ಇದನ್ನು ಕೆಲವರು ಜನರ ಗೆಲುವು ಎಂದರು. ವಾಸ್ತವವಾಗಿ ಆದದ್ದೇನೆಂದರೆ, ದಾಖಲೆಯಲ್ಲಿ ಆಗಲೇ ಪೂರ್ಣಗೊಂಡಿದ್ದ ಕಾಮಗಾರಿಯನ್ನು ಅನಾವಶ್ಯಕವಾಗಿ ಎರಡನೆಯ ಸಲ ಮಾಡಬೇಕಾಯಿತು.

ಅಧ್ಯಾಯ 6: ಉನ್ನತ ವ್ಯಾಸಂಗ – ಬಾಂಡು

ಚರಂಡಿ ಮಟ್ಟದಲ್ಲಿ ಕಲಿತದ್ದನ್ನು ರಾಷ್ಟ್ರಮಟ್ಟದಲ್ಲಿ ಅನ್ವಯಿಸಲು ಚುನಾವಣಾ ಬಾಂಡಿಗಿಂತ ಉತ್ತಮ ಉದಾಹರಣೆಯಿಲ್ಲ. 2018ರ ಜನವರಿಯಲ್ಲಿ ಅಧಿಸೂಚಿಸಿದ ಈ ಯೋಜನೆ ನಮ್ಮ ಶಾಸ್ತ್ರದ ಮುಕುಟಮಣಿಯಾಗಿತ್ತು. ಪಕ್ಷಕ್ಕೆ ದುಡ್ಡು ಕೊಟ್ಟವರು ಯಾರೆಂದು ಮತದಾರನಿಗೆ ಗೊತ್ತಾಗುವಂತಿಲ್ಲ. ಈ ಏರ್ಪಾಟಿಗೆ ಕೊಟ್ಟ ಹೆಸರು ಪಾರದರ್ಶಕತೆ.

ಮೊದಲ ಕುತ್ತು ಬಂದದ್ದು ಪತ್ರಕರ್ತೆಯೊಬ್ಬರಿಂದ. ‘ದ ಕ್ವಿಂಟ್’ನ ಪೂನಂ ಅಗರ್ವಾಲ್ 2018ರಲ್ಲಿ ಸಾವಿರ ರೂಪಾಯಿಯ ಎರಡು ಬಾಂಡು ಕೊಂಡು ಪ್ರಯೋಗಾಲಯಕ್ಕೆ ಕಳಿಸಿದರು. ಅತಿನೇರಳೆ ಬೆಳಕಿನಲ್ಲಿ ಹಿಡಿದಾಗ, ಬರಿಗಣ್ಣಿಗೆ ಕಾಣದ ಅಕ್ಷರ-ಅಂಕಿಗಳ ಸಾಲೊಂದು ಬಾಂಡಿನ ಮೂಲೆಯಲ್ಲಿ ಹೊಳೆಯಿತು. ಪ್ರತಿ ಬಾಂಡಿಗೂ ಬೇರೆ ಸಂಖ್ಯೆ. ಅದು ನಕಲು ತಡೆಯುವ ಭದ್ರತಾ ಲಕ್ಷಣವಷ್ಟೇ ಎಂದು ಹಣಕಾಸು ಸಚಿವಾಲಯ ಸಮಾಧಾನ ಹೇಳಿತು.

ಎರಡನೆಯ ಕುತ್ತು ನೌಕಾಪಡೆಯ ನಿವೃತ್ತ ಅಧಿಕಾರಿ ಕಮೋಡೋರ್ ಲೋಕೇಶ್ ಬಾತ್ರಾ ಅವರಿಂದ. ಅವರು ಅರ್ಜಿಯ ಮೇಲೆ ಅರ್ಜಿ ಹಾಕಿದರು. ಬಾಂಡಿನ ಮುದ್ರಣ ವೆಚ್ಚವನ್ನೂ ಬ್ಯಾಂಕಿನ ಕಮಿಷನ್ನನ್ನೂ ಭರಿಸುತ್ತಿರುವುದು ದಾನಿಯೂ ಅಲ್ಲ, ಪಕ್ಷವೂ ಅಲ್ಲ, ತೆರಿಗೆದಾರ ಎಂಬುದು ಹೊರಬಂತು. ಅವರ ಅರ್ಜಿಗಳಿಗೆ ಸಿಕ್ಕ ದಾಖಲೆಗಳನ್ನು ಆಧರಿಸಿ ಪತ್ರಕರ್ತ ನಿತಿನ್ ಸೇಠಿ 2019ರ ನವೆಂಬರಿನಲ್ಲಿ ‘ಹಫ್‌ಪೋಸ್ಟ್ ಇಂಡಿಯಾ’ದಲ್ಲಿ ಸರಣಿ ಬರೆದರು. ಅದರಿಂದ ತಿಳಿದುಬಂದ ಒಂದು ಸಂಗತಿ ನಮ್ಮ ಪಠ್ಯಕ್ಕೆ ಅತ್ಯಮೂಲ್ಯ. 2017ರ ಜನವರಿ 30ರಂದು ರಿಸರ್ವ್ ಬ್ಯಾಂಕ್ ಈ ಯೋಜನೆಗೆ ಆಕ್ಷೇಪಿಸಿ ಪತ್ರ ಬರೆದಿತ್ತು. ಸಲಹೆ ತಡವಾಗಿ ಬಂದಿದೆ, ಹಣಕಾಸು ಮಸೂದೆ ಆಗಲೇ ಅಚ್ಚಾಗಿದೆ ಎಂದು ಕಡತದಲ್ಲಿ ಷರಾ ಬಿತ್ತು. ಕಿರಿಯ ಮಿತ್ರರೇ, ಗಮನಿಸಿ: ಸಂಸತ್ತಿನ ಮುಂದೆ ಇನ್ನೂ ಬಾರದ ಮಸೂದೆ ಅಚ್ಚಾದ ಕಾರಣಕ್ಕೆ ಬದಲಾಗದು. ನಾವು ತಾಲ್ಲೂಕು ಮಟ್ಟದಲ್ಲಿ ಮಳೆ, ಗೆದ್ದಲು ಎಂದು ತಿಣುಕಾಡುತ್ತಿರುವಾಗ ದೆಹಲಿಯಲ್ಲಿ ಶಾಸ್ತ್ರ ಎಷ್ಟು ಎತ್ತರಕ್ಕೆ ಏರಿದೆ!

2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಯೋಜನೆಯನ್ನು ಒಮ್ಮತದಿಂದ ರದ್ದುಪಡಿಸಿ, ಮಾರ್ಚ್ 6ರೊಳಗೆ ವಿವರ ಕೊಡುವಂತೆ ಸ್ಟೇಟ್ ಬ್ಯಾಂಕಿಗೆ ಹೇಳಿತು. ಬ್ಯಾಂಕು ಜೂನ್ 30ರವರೆಗೆ ಕಾಲಾವಕಾಶ ಕೇಳಿತು. ಕೊಟ್ಟ ಲೆಕ್ಕ ಹೀಗಿದೆ: ಬಾಂಡುಗಳು 22,217. ಕೊಂಡವರ ಮಾಹಿತಿ ಒಂದು ಕಡೆ, ನಗದಾಗಿಸಿಕೊಂಡವರ ಮಾಹಿತಿ ಇನ್ನೊಂದು ಕಡೆ ಇರುವುದರಿಂದ ಎರಡರಿಂದ ಗುಣಿಸಿದರೆ 44,434. ಆದ್ದರಿಂದ ನಾಲ್ಕು ತಿಂಗಳು. ಅಷ್ಟರಲ್ಲಿ ಲೋಕಸಭಾ ಚುನಾವಣೆ ಮುಗಿದಿರುತ್ತಿತ್ತು ಎಂಬುದು ಪಂಚಾಂಗದ ವಿಷಯ. ಮಾರ್ಚ್ 11ರಂದು ಕೋರ್ಟು ಈ ಗುಣಾಕಾರವನ್ನು ಮೆಚ್ಚದೆ, ಮರುದಿನವೇ ಕೊಡಿ ಎಂದಿತು. ಮರುದಿನವೇ ಕೊಡಲಾಯಿತು. ನಾಲ್ಕು ತಿಂಗಳ ಕೆಲಸ ಒಂದು ದಿನದಲ್ಲಿ ಆಗುತ್ತದೆ ಎಂಬ ಅಪಾಯಕಾರಿ ಸಂದೇಶ ಇದರಿಂದ ಜನರಿಗೆ ಹೋಗಿದೆ.

ಕೊನೆಗೆ ಮಾರ್ಚ್ 21ರಂದು, ಯಾವ ಬಾಂಡು ಯಾರ ಕೈಯಿಂದ ಯಾವ ಪಕ್ಷಕ್ಕೆ ಹೋಯಿತೆಂದು ಜೋಡಿಸಲು ಬೇಕಾದ ಸಂಖ್ಯೆಗಳೂ ಹೊರಬಿದ್ದವು. ಭದ್ರತಾ ಲಕ್ಷಣವಷ್ಟೇ ಆಗಿದ್ದ ಆ ಸಾಲು! ಒಬ್ಬೊಬ್ಬ ವರದಿಗಾರನಿಗೆ ಅದು ತಿಂಗಳುಗಳ ಕೆಲಸ. ಆದರೆ ಬೇರೆಬೇರೆ ಸುದ್ದಿಸಂಸ್ಥೆಗಳವರು ಸ್ಪರ್ಧೆ ಮರೆತು ಒಟ್ಟಿಗೆ ಕೂತು, ದತ್ತಾಂಶ ಬಲ್ಲವರನ್ನು ಜೊತೆಗೆ ಕೂರಿಸಿಕೊಂಡು ಎರಡೂ ಪಟ್ಟಿ ಹೊಂದಿಸಿಬಿಟ್ಟರು. ಅಧ್ಯಾಯ 3ರಲ್ಲಿ ಹೇಳಿದ ನಡುವಿನ ಜಾಗ ಅಂದು ಸಂಪೂರ್ಣ ಒತ್ತುವರಿಯಾಯಿತು.

ಅಧ್ಯಾಯ 7: ಆಶಾಕಿರಣಗಳು

ಓದುಗರು ಎದೆಗುಂದಬಾರದು. ಶಾಸ್ತ್ರವನ್ನು ಮೇಲಿನವರು ಕೈಬಿಟ್ಟಿಲ್ಲ.

ಆರು ರಾಷ್ಟ್ರೀಯ ಪಕ್ಷಗಳು ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬರುತ್ತವೆಂದು ಕೇಂದ್ರ ಮಾಹಿತಿ ಆಯೋಗ 2013ರ ಜೂನ್‌ನಲ್ಲಿ ಆದೇಶಿಸಿತು. ಸಂಸತ್ತಿನಲ್ಲಿ ಯಾವುದಕ್ಕೂ ಒಮ್ಮತಕ್ಕೆ ಬಾರದ ಪಕ್ಷಗಳು ಆ ಆದೇಶ ಪಾಲಿಸದಿರುವುದರಲ್ಲಿ ತೋರಿದ ಐಕ್ಯ ಅನುಕರಣೀಯ. 2019ರ ತಿದ್ದುಪಡಿಯಿಂದ ಮಾಹಿತಿ ಆಯುಕ್ತರ ಅವಧಿ, ಸಂಬಳಗಳನ್ನು ನಿರ್ಧರಿಸುವ ಅಧಿಕಾರ ಕೇಂದ್ರ ಸರ್ಕಾರದ ಕೈಗೆ ಬಂತು. ಐದು ವರ್ಷದ ಅವಧಿ ಮೂರಾಯಿತು. ಜಾರ್ಖಂಡ್ ಇನ್ನೂ ಸರಳ ಮಾರ್ಗ ಹಿಡಿಯಿತು: 2020ರ ಮೇ ನಂತರ ವರ್ಷಗಟ್ಟಲೆ ಆಯುಕ್ತರನ್ನೇ ನೇಮಿಸಲಿಲ್ಲ. ದೇಶದ ಆಯೋಗಗಳಲ್ಲಿ ಬಾಕಿಯಿರುವ ಮೇಲ್ಮನವಿ, ದೂರುಗಳು 4 ಲಕ್ಷ ದಾಟಿವೆ ಎಂದು ಸತರ್ಕ್ ನಾಗರಿಕ್ ಸಂಘಟನೆಯ 2024ರ ವರದಿ ಹೇಳುತ್ತದೆ. ಈ ಲೆಕ್ಕವನ್ನೂ ಅವರು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿಯೇ ಪಡೆದರು ಎಂಬುದು ಅವರ ಹಟಕ್ಕೆ ಸಾಕ್ಷಿ.

ಎಲ್ಲಕ್ಕಿಂತ ದೊಡ್ಡ ಕೊಡುಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯದು. ಅದರ 44(3)ನೇ ಕಲಂ ಮಾಹಿತಿ ಹಕ್ಕಿನ 8(1)(ಜೆ)ಯನ್ನು ತಿದ್ದಿತು. 2025ರ ನವೆಂಬರಿನಲ್ಲಿ ತಿದ್ದುಪಡಿ ಜಾರಿಗೂ ಬಂತು. ಮೊದಲು ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ ಅಥವಾ ಖಾಸಗಿತನಕ್ಕೆ ಸುಮ್ಮನೆ ಧಕ್ಕೆ ತರುವ ವೈಯಕ್ತಿಕ ಮಾಹಿತಿಗೆ ಮಾತ್ರ ವಿನಾಯಿತಿ ಇತ್ತು. ಈಗ ವೈಯಕ್ತಿಕವಾದರೆ ಸಾಕು. ಮಸ್ಟರ್ ರೋಲಿನಲ್ಲಿರುವುದು ಹೆಸರುಗಳು. ಹೆಸರಿಗಿಂತ ವೈಯಕ್ತಿಕವಾದದ್ದು ಏನಿದೆ? ಗುತ್ತಿಗೆದಾರನದೂ ಹೆಸರೇ. ಬಿಲ್ಲಿಗೆ ಸಹಿ ಮಾಡಿದವನದಂತೂ ಸ್ವಂತ ಕೈಬರಹ. ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬಹುದು ಎನ್ನುವ 8(2) ಇನ್ನೂ ಉಳಿದಿದೆ. ಅದನ್ನು ಅರ್ಜಿದಾರರ ಎದುರು ಗಟ್ಟಿಯಾಗಿ ಓದಬೇಡಿ. ಇನ್ನೊಂದು ಅಂಕಿ ಮೇಜಿನ ಗಾಜಿನಡಿ ಇಟ್ಟುಕೊಳ್ಳಿ: ಮಾಹಿತಿ ಕೊಡದಿದ್ದರೆ ಗರಿಷ್ಠ ದಂಡ 25,000 ರೂಪಾಯಿ, ದತ್ತಾಂಶ ಕಾಯ್ದೆಯ ಗರಿಷ್ಠ ದಂಡ 250 ಕೋಟಿ. ಒಂದಕ್ಕೆ ಒಂದು ಲಕ್ಷ ಪಟ್ಟು. ಸಂದೇಹ ಬಂದಾಗ ಯಾವ ಕಾಯ್ದೆಗೆ ಹೆದರಬೇಕೆಂದು ನಿಮಗೇ ತಿಳಿಯುತ್ತದೆ. ಪತ್ರಕರ್ತರಿಗೆ ಈ ಕಾಯ್ದೆಯಲ್ಲಿ ಪ್ರತ್ಯೇಕ ವಿನಾಯಿತಿಯಿಲ್ಲ. ಇದರ ವಿರುದ್ಧ ಸಂಪಾದಕರೂ ಮಾಹಿತಿ ಹಕ್ಕಿನವರೂ ಮತ್ತೆ ಒಂದೇ ದನಿಯಲ್ಲಿ ಕೂಗುತ್ತಿರುವುದು ಮಾತ್ರ ಕಳವಳಕಾರಿ.

ಅಕ್ರಮ ಬಯಲಿಗೆಳೆದವರನ್ನು ಕಾಪಾಡಲು 2014ರಲ್ಲಿ ಒಂದು ಕಾಯ್ದೆಯಾಗಿದೆ. ಅದಕ್ಕೆ ರಾಷ್ಟ್ರಪತಿಗಳ ಅಂಕಿತವೂ ಬಿದ್ದಿದೆ. ಜಾರಿಗೆ ಮಾತ್ರ ಬಂದಿಲ್ಲ. ಪುಣೆ ಬಳಿಯ ಸತೀಶ್ ಶೆಟ್ಟಿ, ಗುಜರಾತಿನ ಅಮಿತ್ ಜೇಠ್ವಾ 2010ರಲ್ಲಿ ಕೊಲೆಯಾದರು. ಒಬ್ಬರು ಭೂಮಿ ಲೆಕ್ಕ ಕೇಳುತ್ತಿದ್ದರು, ಇನ್ನೊಬ್ಬರು ಗಿರ್ ಅರಣ್ಯದ ಸುತ್ತಲಿನ ಗಣಿಗಾರಿಕೆಯದು. 2012ರಲ್ಲಿ ಬೆಂಗಳೂರಿನಲ್ಲಿ, 2016ರಲ್ಲಿ ಮಂಗಳೂರಿನಲ್ಲಿ ಲೆಕ್ಕ ಕೇಳುತ್ತಿದ್ದವರ ಕೊಲೆಗಳಾದವು. ಆ ವಿಧಾನ ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ ಹಿಂಬರಹದ ಅಗತ್ಯ ಬೀಳುವುದಿಲ್ಲ.

ಅಭ್ಯಾಸ

1. ಬಿಟ್ಟ ಸ್ಥಳ ತುಂಬಿರಿ: ‘ಸದರಿ ಕಡತವು ______ ಕಾರಣದಿಂದ ಲಭ್ಯವಿರುವುದಿಲ್ಲ.’ (ಮಳೆ / ಗೆದ್ದಲು / ವಿಷಯ ನಿರ್ವಾಹಕರ ವರ್ಗಾವಣೆ. ಬೇಸಿಗೆಯಲ್ಲಿ ಮಳೆ ಎಂದವರಿಗೆ ಅಂಕ ಕಡಿತ.)

2. ಮಾಹಿತಿ ಬಾರದಂತೆ ಒಂದು ವಾಕ್ಯದಲ್ಲಿ ಉತ್ತರಿಸಿ: ನಿಮ್ಮ ಕಚೇರಿ ಯಾವ ರಸ್ತೆಯಲ್ಲಿದೆ?

3. ಒಬ್ಬ ಮೇಷ್ಟ್ರು ಮತ್ತು ಒಬ್ಬ ವರದಿಗಾರ ಸೇರಿ 110 ಮೀಟರ್ ಚರಂಡಿಯನ್ನು ಒಂದು ಸಂಜೆಯಲ್ಲಿ ಅಳೆಯುತ್ತಾರೆ. ಇಡೀ ಊರು ಸೇರಿದರೆ ತಾಲ್ಲೂಕಿನ ಎಷ್ಟು ಕಾಮಗಾರಿಗಳನ್ನು ಅಳೆಯಬಹುದು? (ಈ ಪ್ರಶ್ನೆಯನ್ನು ಬಿಡಿಸಬೇಡಿ. ಬಿಡಿಸಿದವರನ್ನು ಅನುತ್ತೀರ್ಣಗೊಳಿಸಲಾಗುವುದು.)

ಸೂಚನೆ: ಪರೀಕ್ಷಾರ್ಥಿಯು ಮೌಲ್ಯಮಾಪನವಾದ ತನ್ನ ಉತ್ತರ ಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡಬಹುದೆಂದು ಸುಪ್ರೀಂ ಕೋರ್ಟು 2011ರಲ್ಲಿ ತೀರ್ಪಿತ್ತಿರುವುದರಿಂದ, ಈ ಪರೀಕ್ಷೆಯು ಸಂಪೂರ್ಣ ಮೌಖಿಕವಾಗಿರತಕ್ಕದ್ದು. ಬಿಟ್ಟ ಸ್ಥಳಗಳನ್ನು ಬಾಯಲ್ಲೇ ತುಂಬತಕ್ಕದ್ದು.